ಉಪ್ಪುಗಾಳಿಗೆ ಸೋಲದ ಸೈಕಲ್

ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಕಬ್ಬಿಣಕ್ಕೆ ಇಬ್ಬರು ವೈರಿಗಳು: ಕಡಲಿನ ಉಪ್ಪುಗಾಳಿ ಮತ್ತು ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ. ಇವೆರಡನ್ನೂ ತಾಳಿಕೊಂಡು ಹಳೆಯ ಅಟ್ಲಾಸ್, ಹೀರೊ, ಹರ್ಕ್ಯುಲಿಸ್ ಸೈಕಲ್ಲುಗಳು ಇಲ್ಲಿ ಓಡಬೇಕಾದರೆ ರಿಪೇರಿಯವರ ಕೈಗುಣವೇ ಆಧಾರ.

ಈ ಸೈಕಲ್ಲಿನ ಸೊಗಸು ಅದರ ಸರಳತೆಯಲ್ಲಿದೆ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40; ಹಿಂದಿನ ಹಬ್ಬಿನೊಳಗೆ ಬದಿಗೆ ಒಂಬತ್ತರಂತೆ ಕಾಲಿಂಚಿನ ಗುಂಡುಗಳು. ಮಳೆಗಾಲ ಮುಗಿದೊಡನೆ ಹಬ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆದ ಗುಂಡು ಬದಲಿಸಿ, ಹೊಸ ಗ್ರೀಸ್ ತುಂಬಬೇಕು. ಗುಂಡುಗಳನ್ನು ಹಿಡಿದಿಡುವ ಕೋನು ಅತಿ ಬಿಗಿಯಾದರೆ ಗಾಲಿ ತಿರುಗದು, ಸಡಿಲವಾದರೆ ಓಲಾಡುತ್ತದೆ. ಆ ನಡುವಿನ ಹದ ಬೆರಳಿಗಷ್ಟೇ ಗೊತ್ತು.

ಸುಧಾರಣೆಯ ಮೊದಲ ಹಣ ಗಾಲಿಗೇ ಸಲ್ಲಬೇಕು. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕ್ ಜಾರುತ್ತದೆ. ಅಲ್ಯೂಮಿನಿಯಂ ರಿಮ್ ಮಳೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಹಳೆಯ ಸರಳಿನ ಬ್ರೇಕ್ ರಿಮ್ಮಿನ ಒಳಮೈಯನ್ನು ಒತ್ತುವಂಥದ್ದು. ಹಾಗಾಗಿ ಪಕ್ಕ ಹಿಡಿಯುವ ಕ್ಯಾಲಿಪರ್ ಬ್ರೇಕೂ ಜೊತೆಗೇ ಬರಬೇಕು. ಕರಾವಳಿಗೆ ಸ್ಟೇನ್‌ಲೆಸ್ ಕಡ್ಡಿಯೇ ಲೇಸು.

ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಅದರ ಸೈಕಲ್ಲುಗಳು ನಿಲ್ಲಬೇಕಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಅಜ್ಜನ ಸೈಕಲ್ ಇದ್ದರೆ, ಗುಜರಿಗೆ ಹಾಕುವ ಮುನ್ನ ಒಮ್ಮೆ ರಿಪೇರಿ ಅಂಗಡಿಗೆ ಒಯ್ಯಿರಿ.