ಅಚ್ಚಿಗೆ ಮುಂಚಿನ ಪಠ್ಯ: ಕಣ ಭೌತವಿಜ್ಞಾನದ ಮುಕ್ತ ಪ್ರಕಟಣೆ, ಒಂದು ಜಾನಪದೀಯ ವಿಮರ್ಶೆ

ಜಾನಪದ ಅಧ್ಯಯನಕಾರರಿಗೆ ಪಠ್ಯದ ಒಡೆತನವೆಂಬುದು ಹಳೆಯ ತೊಡಕು. ಹಾಡಿದವರ ಪಠ್ಯ ಸಂಪಾದಕರ ಹೆಸರಿನಲ್ಲಿ ಅಚ್ಚಾಗುತ್ತದೆ. ಅಚ್ಚಾದ ಪುಸ್ತಕ ಹಾಡಿದವರ ಊರಿಗೆ ಮರಳುವುದು ಅಪರೂಪ. ಈ ತೊಡಕನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಣ ಭೌತವಿಜ್ಞಾನಿಗಳ ಪ್ರಕಟಣಾ ಪದ್ಧತಿಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಜ್ಞಾನದ ಮುಕ್ತ ಲಭ್ಯತೆಗೆ ಮಾದರಿಯೆಂದು ಉಳಿದ ಶಿಸ್ತುಗಳಿಗೆ ಮತ್ತೆ ಮತ್ತೆ ತೋರಿಸಲಾಗುತ್ತಿರುವುದು ಈ ಪದ್ಧತಿಯನ್ನೇ.

ಈ ಮುಕ್ತತೆ ಅಂತರಜಾಲದ ಕೊಡುಗೆ ಎಂಬ ತಿಳಿವಳಿಕೆ ಅರ್ಧಸತ್ಯ. ನಿಯತಕಾಲಿಕೆಯಲ್ಲಿ ಅಚ್ಚಾಗುವ ಎಷ್ಟೋ ಮೊದಲೇ ಬೆರಳಚ್ಚು ಪ್ರತಿಗಳನ್ನು ಅಂಚೆಯಲ್ಲಿ ಹಂಚಿಕೊಳ್ಳುವ ರೂಢಿ ಈ ಸಮುದಾಯದಲ್ಲಿ ದಶಕಗಳಿಂದ ಇತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವೇಗವರ್ಧಕ ಕೇಂದ್ರದ ಗ್ರಂಥಾಲಯವು 1969ರಿಂದ ಇಂತಹ ಪ್ರತಿಗಳ ಪಟ್ಟಿಯನ್ನು ವಾರವಾರವೂ ಹೊರಡಿಸುತ್ತಿತ್ತು. ಅಚ್ಚಾಗಿಬಿಟ್ಟ ಲೇಖನಗಳ ಪಟ್ಟಿಗೆ, ಕಣ-ಪ್ರತಿಕಣಗಳ ಪರಿಭಾಷೆಯನ್ನು ಅನುಸರಿಸಿ, ‘ಪ್ರತಿ-ಮುದ್ರಣಪೂರ್ವ’ ಎಂಬ ವಿನೋದದ ಹೆಸರಿತ್ತು. 1991ರ ಆಗಸ್ಟ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಲಾಸ್ ಅಲಾಮಸ್ ಪ್ರಯೋಗಾಲಯದಲ್ಲಿ ಆರಂಭಿಸಿದ, 2001ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸ್ಥಳಾಂತರಗೊಂಡ ‘ಆರ್ಕೈವ್’ ಸಂಗ್ರಹವು ಈ ರೂಢಿಯನ್ನೇ ಗಣಕಯಂತ್ರಕ್ಕೆ ತಂದಿತು. ಅಂಚೆಯ ಪ್ರತಿ ಹೆಚ್ಚಾಗಿ ತಲುಪುತ್ತಿದ್ದುದು ಹೆಸರುವಾಸಿ ಸಂಸ್ಥೆಗಳನ್ನು. ಆರ್ಕೈವ್ ಓದಿನ ಮಟ್ಟಿಗೆ ಆ ಮೇಲು-ಕೀಳನ್ನು ಅಳಿಸಿತು. ಬರೆಯುವವರ ಮಟ್ಟಿಗೆ ಹೊಸ್ತಿಲು ಉಳಿಯಿತು. 2004ರಲ್ಲಿ ಹೊಸ ಲೇಖಕರಿಗೆ ಒಳಗಿನವರ ಅನುಮೋದನೆಯ ವ್ಯವಸ್ಥೆಯೂ ಬಂದಿತು.

ಜಾನಪದರ ಗಮನಕ್ಕೆ ಅರ್ಹವಾದುದು ಪಾಠಾಂತರಗಳ ನಿರ್ವಹಣೆ. ಆರ್ಕೈವ್‌ನಲ್ಲಿ ಲೇಖನವನ್ನು ತಿದ್ದಿದರೆ ಹಿಂದಿನದು ಅಳಿಯುವುದಿಲ್ಲ. ಒಂದು, ಎರಡು, ಮೂರನೆಯ ಪಾಠಗಳು ಸಂಖ್ಯಾಸಹಿತ ಉಳಿಯುತ್ತವೆ. ‘ಶುದ್ಧಪಾಠ’ದ ಹಂಬಲದಿಂದ ಕಲಾವಿದರ ಪಾಠಗಳನ್ನು ಬೆಸೆದುಬಿಟ್ಟ ನಮ್ಮ ಕೆಲವು ಸಂಪಾದನೆಗಳು ಇದರ ಮುಂದೆ ಸಂಕೋಚಪಡಬೇಕು. ಕರ್ತೃತ್ವದ ವಿಷಯದಲ್ಲಿಯೂ ಹಾಗೆಯೇ. ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು 2015ರಲ್ಲಿ ಪ್ರಕಟವಾದ ಜಂಟಿ ಪ್ರಬಂಧದ 33 ಪುಟಗಳಲ್ಲಿ 24 ಪುಟ 5,154 ಲೇಖಕರ ಹಾಗೂ ಅವರ ಸಂಸ್ಥೆಗಳ ಪಟ್ಟಿಗೇ ಮೀಸಲು. ಇದು ಸಾಮೂಹಿಕ ಕರ್ತೃತ್ವ, ಆದರೆ ಅನಾಮಿಕವಲ್ಲ.

2014ರ ಜನವರಿಯಲ್ಲಿ ಸರ್ನ್ ನೇತೃತ್ವದ ‘ಸ್ಕೋಪ್-3’ ಒಕ್ಕೂಟ ಕಾರ್ಯಾರಂಭ ಮಾಡಿತು. ಗ್ರಂಥಾಲಯಗಳು ಚಂದಾಕ್ಕೆ ತೆರುತ್ತಿದ್ದ ಹಣವನ್ನು ಒಂದೆಡೆ ಕೂಡಿಸಿ ಪ್ರಮುಖ ಪತ್ರಿಕೆಗಳ ಲೇಖನಗಳನ್ನು ಎಲ್ಲರಿಗೂ ತೆರೆದಿಡುವುದು ಇದರ ಕ್ರಮ, ಲೇಖಕರಿಗೆ ಶುಲ್ಕವಿಲ್ಲ. ಇದು ದೊಡ್ಡ ಸಾಧನೆ, ನಿಜ. ಆದರೆ ಹಣ ಬಹುಮಟ್ಟಿಗೆ ಸೇರುವುದು ಹಳೆಯ ಪ್ರಕಾಶಕರನ್ನೇ. ಪಠ್ಯ ಆರ್ಕೈವ್‌ನಲ್ಲಿ ಮೊದಲೇ ದೊರೆತಿರುವಾಗ ಗ್ರಂಥಾಲಯಗಳು ಕೊಳ್ಳುತ್ತಿರುವುದು ತಜ್ಞಪರಿಶೀಲನೆಯ ಮುದ್ರೆಯನ್ನು ಎಂದೇ ನನ್ನ ಎಣಿಕೆ. ಅಲ್ಲದೆ, ಬೆರಳೆಣಿಕೆಯ ಪತ್ರಿಕೆಗಳಲ್ಲಿ ಇಡೀ ಶಿಸ್ತು ಅಡಕವಾಗಿರುವುದರಿಂದಲೇ ಈ ಏರ್ಪಾಡು ಸಾಧ್ಯವಾಯಿತು. ಅಂತಹ ಅಡಕವಿಲ್ಲದ ಮಾನವಿಕಗಳಿಗೆ ‘ಮುಕ್ತ’ ಎಂಬ ಹೆಸರಿನಲ್ಲಿ ಲೇಖಕರ ಶುಲ್ಕವಷ್ಟೇ ಬಂದರೆ ಬಾಗಿಲು ಓದುಗನಿಗೆ ತೆರೆದು ಬರಹಗಾರನಿಗೆ ಮುಚ್ಚುತ್ತದೆ. ಮೌಖಿಕ ಪರಂಪರೆಗೇ ಮೀಸಲಾದ ‘ಓರಲ್ ಟ್ರೆಡಿಷನ್’ ಪತ್ರಿಕೆ 2006ರಲ್ಲಿ ಓದುಗರಿಗೆ ಉಚಿತವಾಗಿ ತೆರೆದುಕೊಂಡುದು ಇಲ್ಲಿ ಸ್ಮರಣೀಯ.

ಇನ್ನೊಂದು ಭೇದ ಹೆಚ್ಚು ಮೂಲಭೂತವಾದುದು. ಹಿಗ್ಸ್ ಕಣಕ್ಕೆ ತನ್ನನ್ನು ಯಾರು ಕೇಳಬೇಕು, ಯಾವಾಗ ಕೇಳಬೇಕು ಎಂಬ ಕಟ್ಟಳೆಯಿಲ್ಲ. ಆಚರಣೆಯ ಹಾಡುಗಳಲ್ಲಿ ಹಲವಕ್ಕೆ ಇದೆ. ಧ್ವನಿಮುದ್ರಿಸಿಕೊಂಡಾಗ ಪಡೆದ ಒಪ್ಪಿಗೆ ಒಂದು ಪುಸ್ತಕಕ್ಕಷ್ಟೇ ಸಂದದ್ದೋ, ಜಗತ್ತಿಗೆಲ್ಲ ಸಂದದ್ದೋ ಎಂಬ ಪ್ರಶ್ನೆ ನಮ್ಮ ಧ್ವನಿಸುರುಳಿಗಳ ಕಪಾಟಿನಲ್ಲಿ ಇನ್ನೂ ಉಳಿದಿದೆ. ಭೌತವಿಜ್ಞಾನದಿಂದ ಬಂದ ಮಾದರಿಯಲ್ಲಿ ಅದನ್ನು ಬರೆದುಕೊಳ್ಳಲು ಅಂಕಣವೇ ಇಲ್ಲ.