ಬ್ಲೇಡು ಹಿಡಿದ ಹದ

ಕಲ್ಯಾಣದಿಂದ ಮುರ್ಬಾಡ್ ರಸ್ತೆ ಹಿಡಿದರೆ ಕಟ್ಟಡಗಳ ಸಾಲು ಮುಗಿದು ಭತ್ತದ ಗದ್ದೆಗಳು ಸಿಗುತ್ತವೆ. ಒಂದೆರಡು ವರ್ಷ ಪಾಳುಬಿದ್ದ ಗದ್ದೆಯಲ್ಲಿ ಹುಲ್ಲು ಗಂಟುಕಟ್ಟಿ, ದನ ತುಳಿದು, ನೆಲವೆಲ್ಲ ಉಬ್ಬುತಗ್ಗು. ಅದನ್ನು ಬಿತ್ತನೆಗೆ ಒಪ್ಪಮಾಡುವ ಟ್ರ್ಯಾಕ್ಟರ್ ಚಾಲಕನ ಕೈಚಳಕ ನಿಂತು ನೋಡುವಂಥದ್ದು.

ಮೊದಲ ಮಳೆಗೆ ಮಣ್ಣು ಹದಕ್ಕೆ ಬರಬೇಕು: ಹಿಡಿಯಲ್ಲಿ ಹಿಸುಕಿದರೆ ಉಂಡೆ, ಬೆರಳು ಒತ್ತಿದರೆ ಪುಡಿ. ಕಲ್ಟಿವೇಟರ್ ಬೇರು ಕೀಳುತ್ತದೆ. ಹುಲ್ಲು ಬಿಸಿಲಿಗೆ ಬಾಡಿದ ಮೇಲೆ ರೋಟವೇಟರ್ ಹೆಂಟೆ ಒಡೆಯುತ್ತದೆ. ಆದರೂ ನೆಲ ಸಮವಾಗದು.

ನಿಜವಾದ ಕಸುಬು ಹಿಂಬದಿಯ ಬ್ಲೇಡಿನದು. ಮುಂದಿನ ಚಕ್ರ ಉಬ್ಬು ಹತ್ತಿದೊಡನೆ ಬ್ಲೇಡು ನೆಲಕ್ಕೆ ಕಚ್ಚುತ್ತದೆ, ತಗ್ಗಿಗೆ ಇಳಿದೊಡನೆ ಮೇಲೇಳುತ್ತದೆ. ಸುಮ್ಮನೆ ಓಡಿಸಿದರೆ ಹೊಸ ಅಲೆಗಳೇ ಮೂಡುತ್ತವೆ. ಪಳಗಿದವನು ಹಿಂದಕ್ಕೆ ಕತ್ತು ಹೊರಳಿಸಿ, ಹೈಡ್ರಾಲಿಕ್ ಲಿವರನ್ನು ಬೆರಳಗಲದಷ್ಟೇ ಆಡಿಸುತ್ತ ದಿಬ್ಬದ ಮಣ್ಣನ್ನು ತಗ್ಗಿಗೆ ಒಯ್ಯುತ್ತಾನೆ. ಫಲವತ್ತಾದ ಮೇಲ್ಮಣ್ಣು ಕಳೆದು ಗೊರಚು ಕಾಣಿಸಬಾರದು. ತುಂಬಿದ ಜಾಗ ಮಳೆಗೆ ಕುಸಿಯುವುದರಿಂದ ಅಲ್ಲಿ ಒಂದಿಷ್ಟು ಹೆಚ್ಚೇ ಹಾಕುತ್ತಾನೆ. ಎಂಥ ಲೆಕ್ಕಾಚಾರ!

ಕೊನೆಗೆ ಹಲಗೆ. ಡೊಂಬಿವಲಿ, ಠಾಣೆಯಲ್ಲಿ ನೆಲೆಸಿದ ಕನ್ನಡಿಗರು ಊರಲ್ಲಿ ಎತ್ತಿನ ಹಿಂದೆ ಕಂಡದ್ದೇ ಇದು. ಉದ್ದವಿದ್ದಷ್ಟೂ ಸಣ್ಣ ಗುಂಡಿಗಳನ್ನು ದಾಟಿ ಎಳೆಯುತ್ತದೆ.

ರಾಯಚೂರು ಕಡೆಯ ಬಯಲಲ್ಲಿ ಈಗ ಲೇಸರ್ ಲೆವೆಲರ್ ಇದೆ: ಮುಕ್ಕಾಲಿಯಿಂದ ಬರುವ ಕಿರಣವನ್ನು ಕಂಬದ ಮೇಲಿನ ಸಾಧನ ಗ್ರಹಿಸಿದಂತೆ ಮಣ್ಣು ಕೆರೆಯುವ ಬಕೆಟ್ಟು ತಾನೇ ಏರಿಳಿಯುತ್ತದೆ. ಈ ಕೊಂಕಣದ ಪುಟ್ಟ ಗದ್ದೆಗಳಿಗೆ ಮಾತ್ರ ಲಿವರ್ ಆಡಿಸುವ ಆ ಕೈಯೇ ಸರಿ. ಮರುಮಳೆಗೆ ನೀರು ಬದುವಿನಿಂದ ಬದುವಿಗೆ ಒಂದೇ ತೆಳು ಹಾಳೆಯಂತೆ ಹರಡಿದಾಗ ಚಾಲಕ ಇನ್ನೊಮ್ಮೆ ಬಂದು ನೋಡಿ ಹೋಗುತ್ತಾನೆ.