ಗಂಗೊಳ್ಳಿ ದಕ್ಕೆಯ ಬೇಸಿಗೆ

ಕಲಬುರಗಿ ಜಿಲ್ಲೆಯ ನಮ್ಮ ಆಳಂದದ ಹಿರೋಳ್ಳಿ ಕಡೆಯವರು ಮೇ ತಿಂಗಳಲ್ಲಿ ಕಡಲು ನೋಡಲು ಹೊರಟರೆ ಗೋಕರ್ಣ, ಮಲ್ಪೆಗಳ ಹೆಸರೇ ಮೊದಲು ಬರುತ್ತದೆ. ನನ್ನ ಮತ ಮಾತ್ರ ಕುಂದಾಪುರದ ಎದುರು ದಂಡೆಯ ಗಂಗೊಳ್ಳಿಗೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ಹೊಳೆಗಳು ಕಡಲಿಗೆ ಬೀಳುವ ಈ ಪುಟ್ಟ ಬಂದರಿನಲ್ಲಿ ನೋಡುವುದೆಲ್ಲ ದುಡಿಮೆಯೇ. ಬೋಟು ದಕ್ಕೆಗೆ, ಅಂದರೆ ಮೀನು ಇಳಿಸುವ ಕಟ್ಟೆಗೆ, ತಾಗುತ್ತಲೇ ಬಂಗುಡೆ, ಬೂತಾಯಿ ಮೀನುಗಳು ಬುಟ್ಟಿ ತುಂಬುತ್ತವೆ. ಮೇಲೆ ಪುಡಿ ಐಸು, ಪಕ್ಕದಲ್ಲೇ ಹರಾಜಿನ ಕೂಗು. ನೆರಳಲ್ಲಿ ಕೂತವರು ಹರಿದ ಬಲೆಯ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. ಹಾಗಾಗಿ ಶಾಲೆಗೆ ರಜೆಯಿರುವ ಹೊತ್ತೇ ಇಲ್ಲಿ ಹಂಗಾಮಿನ ಕೊನೆಯ ಓಟ.

ಬಿಸಿಲು ಬಿಟ್ಟು ಸೆಕೆಗೆ ಬಿದ್ದಂತಾಯಿತಲ್ಲ ಎನ್ನಬಹುದು. ನಿಜ, ಕಲಬುರಗಿಯ 42 ಡಿಗ್ರಿ ಒಣ ಉರಿಯಾದರೆ, ಇಲ್ಲಿ 34ಕ್ಕೇ ಅಂಗಿ ಮೈಗೆ ಅಂಟುತ್ತದೆ. ಆದರೆ ಮಧ್ಯಾಹ್ನ ಕಡಲಗಾಳಿ ಬೀಸುತ್ತದೆ. ನಮ್ಮ ಎರೆಹೊಲ ಸಂಜೆಯಾದರೂ ಕಾದೇ ಇರುತ್ತದೆ. ಮೀನಿನ ವಾಸನೆ? ಸಹಿಸದವರಿಗೆ ಬೀಚು ಇದ್ದೇ ಇದೆ. ತೊಗರಿ ರಾಶಿಯ ಧೂಳು ಕುಡಿದು ಬೆಳೆದವರಿಗೆ ಅದೇನು ದೊಡ್ಡ ಮಾತಲ್ಲ. ಮಾರುಕಟ್ಟೆಯ ಅಡತಿ ವ್ಯವಹಾರ ಬಲ್ಲವರಿಗೆ ದಕ್ಕೆಯ ಹರಾಜು ತಟ್ಟನೆ ಅರ್ಥವಾಗುತ್ತದೆ. ತೊಗರಿಯನ್ನು ನಾಳೆಗೆ ಇಡಬಹುದು, ಬಂಗುಡೆಯನ್ನು ಇಡಲಾಗದು, ಅಷ್ಟೇ ವ್ಯತ್ಯಾಸ.